ಮಲ್ಲಿಗೆ ವಾಸನೆಯ ಮರಿಚೀಲ

ಮಂಗಳಾಳ ಮುತ್ತಾತ ಜಂಬಯ್ಯ. ಹಗರಿ ಹೊಳೆ ಎರಡೂ ದಡ ಕಿತ್ತುಕೊಂಡು ಬಂದ ವರ್ಷ ದೊಡ್ಡ ಕುರಿಗಳನ್ನೆಲ್ಲ ಆಚೆಗೆ ಈಜಿಸಿ, ಈಚೆ ಉಳಿದ ಎಳೆಮರಿಗಳನ್ನು ಎರಡೆರಡಾಗಿ ಹೆಗಲ ಮೇಲೆ ಹೊತ್ತು ಒಂಬತ್ತು ಸಲ ನೀರು ದಾಟಿದವನು. ಒಂಬತ್ತನೇ ಸಲ ದಡ ಹತ್ತಿದಾಗ ಅವನ ಕಾಲಿನಲ್ಲಿ ಉಗುರು ಉಳಿದಿರಲಿಲ್ಲವೆಂದು ನಮ್ಮಪ್ಪ ಹೇಳುತ್ತಿದ್ದ. ಜಂಬಯ್ಯನ ಸೊಸೆ ಬಸಲಿಂಗಮ್ಮ. ತಾಯಿ ಸತ್ತ ಒಂದು ಮರಿಗೆ ತನ್ನ ಎದೆಹಾಲು ಕೊಟ್ಟು ಬದುಕಿಸಿದವಳು. ಒಂದು ತೊಡೆಯ ಮೇಲೆ ಮಗ ಬೊಮ್ಮಪ್ಪ, ಇನ್ನೊಂದರ ಮೇಲೆ ಆ ಮರಿ. ಬೊಮ್ಮಪ್ಪನಿಗೆ ಈಗ ಅರವತ್ತು ದಾಟಿದೆ. ಇಂದಿಗೂ ಆ ಮರಿಯನ್ನು ‘ನಮ್ಮಣ್ಣ’ ಎಂದೇ ಕರೆಯುತ್ತಾನೆ. “ನನ್ನ ಪಾಲಿನ ಹಾಲು ಕುಡಿದು ನನಗಿಂತ ಮೊದ್ಲು ಕೋಡು ಬಂದವನು” ಎಂದು ನಗಿಸುತ್ತಾನೆ.

ಬೊಮ್ಮಪ್ಪನ ತಮ್ಮ ಅಂಜಿನಿ. ಅಂಜಿನಿ ಮತ್ತು ಜುಂಜಮ್ಮನ ಮಗಳು ಮಂಗಳಾ.

ಇಂಥ ಮನೆಯ ಹೆಣ್ಣುಮಗಳ ಕೈಯಿಂದ ಏಳು ಮರಿ ಸತ್ತವು. ಆ ಪಾಪದಲ್ಲಿ ನನಗೂ ಪಾಲಿದೆ. ಅದನ್ನು ಹೇಳದೆ ಅವಳ ಕಥೆ ಬರೆದರೆ ಬರೆದ ಕೈಗೆ ಹುಳ ಬೀಳುತ್ತದೆ.

ಆಂಧ್ರದ ಗಡಿಯೊಳಗೆ, ರಾಯದುರ್ಗದಿಂದ ಬೆಳುಗುಪ್ಪಕ್ಕೆ ಹೋಗುವ ದಾರಿಯಲ್ಲಿ ನಮ್ಮದು ಮೂವತ್ತು ಮನೆಯ ಹಳ್ಳಿ. ಅಂಜಿನಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ. ಆ ಅಣ್ಣತಮ್ಮಂದಿರಿಗೆ ನಾನು ವರಸೆಯಲ್ಲಿ ಮಾವ, ಮಂಗಳಾಳಿಗೆ ತಾತ. ಆದರೆ ಮಂಗಳಾ ಹುಟ್ಟಿದ್ದು ಊರಲ್ಲಲ್ಲ, ಸಿರುಗುಪ್ಪದ ಕಡೆ ಕಾಲುವೆ ಸೀಮೆಯಲ್ಲಿ, ಕೊಯ್ದ ಭತ್ತದ ಗದ್ದೆಯೊಳಗೆ ಹೂಡಿದ ಕುರಿ ಬಿಡಾರದಲ್ಲಿ. ದೀಪಾವಳಿ ಕಳೆದರೆ ನಮ್ಮ ಹಿಂಡುಗಳು ಮೇವು ಹುಡುಕಿ ಅತ್ತ ನಡೆಯುವುದು ರೂಢಿ. ಕೂಸಿಗೆ ಒಂಬತ್ತು ದಿನವಾದಾಗ ಬಿಡಾರ ಎದ್ದಿತು. ಕತ್ತೆಯ ಬೆನ್ನಿನ ಒಂದು ಮಗ್ಗುಲಿಗೆ ಹಗ್ಗದ ಬಲೆಯಲ್ಲಿ ಮೂರು ಎಳೆಮರಿ, ಇನ್ನೊಂದು ಮಗ್ಗುಲಿಗೆ ಜೋಳಿಗೆಯಲ್ಲಿ ಮಂಗಳಾ. ಮರಿಗಳ ಕಡೆ ಭಾರ ಜಗ್ಗಿತೆಂದು ಜುಂಜಮ್ಮ ಕೂಸಿನ ಕಾಲ ಬಳಿ ನಾಲ್ಕು ಸೇರು ಜೋಳ ಕಟ್ಟಿ ತೂಕ ಸರಿಮಾಡಿದಳು. ಆ ಕತ್ತೆಯ ಹಗ್ಗ ಹಿಡಿದು ನಡೆದವನು ನಾನು.

ಓದುವ ವಯಸ್ಸು ಬಂದಾಗ ಅವಳನ್ನು ರಾಯದುರ್ಗದ ಶಾಲೆಗೆ ಹಾಕಿದರು. ಕುರಿ ವಾಸನೆಯೆಂದು ಬೆಂಚಿನ ಹುಡುಗಿಯರು ಸರಿದು ಕೂತರು. “ಮಂಗಳಾ ಬಂದ್ಳು, ಕಿಟಕಿ ತಗೀರೇ” ಎಂಬ ಮಾತು ಹತ್ತನೇ ತರಗತಿಯವರೆಗೂ ಅವಳ ಬೆನ್ನಿಗೆ ಅಂಟಿಕೊಂಡಿತ್ತು. ರಜೆಗೆ ಊರಿಗೆ ಬಂದರೆ ದೊಡ್ಡಿಯ ಹತ್ತಿರ ಸುಳಿಯುತ್ತಿರಲಿಲ್ಲ. ಮರಿ ಓಡಿಬಂದು ಲಂಗಕ್ಕೆ ತಲೆ ಉಜ್ಜಿದರೆ ಒಳಗೆ ಹೋಗಿ ಲಂಗ ಬದಲಿಸಿ ಬರುತ್ತಿದ್ದಳು. ಬಸಲಿಂಗಮ್ಮ ಆಗ ಇನ್ನೂ ಇದ್ದಳು. “ಕುರಿ ವಾಸ್ನಿ ಬ್ಯಾಡಾದವಳಿಗೆ ಕುರಿ ಉಣ್ಣಿ ಕಂಬಳಿ ಯಾಕ ಬೇಕವ್ವಾ?” ಎಂದು ಕುಟುಕುತ್ತಿದ್ದಳು. ಹುಡುಗಿ ಮೂಗು ಮುರಿದು ಕಂಬಳಿ ಹೊದ್ದು ಮಲಗುತ್ತಿದ್ದಳು.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಗಳು ಸಂದಿಗೊಂದರಂತೆ ಇವೆ. ಮಂಗಳಾ ಅಂಥದೊಂದರಲ್ಲಿ ಏಳು ವರ್ಷ ಕರೆಂಟ್ ಮಿಷನ್ ತುಳಿದಳು. ಲಗೇಜ್ ಆಟೊ ಓಡಿಸುವ ರಘುನಾಥನನ್ನು ಮದುವೆಯಾಗಿ ಪಟ್ಟಣದಲ್ಲೇ ಮನೆ ಮಾಡಿದಳು. ಕತ್ತರಿಸಿ ಉಳಿದ ಜೀನ್ಸ್ ತುಂಡುಗಳು ಕಾರ್ಖಾನೆಯ ಹಿಂದೆ ಗುಡ್ಡವಾಗಿ ಬೀಳುವುದನ್ನು ದಿನವೂ ನೋಡುತ್ತಿದ್ದಳು.

ಒಮ್ಮೆ ಅವಳು ಊರಿಗೆ ಬಂದ ದಿನವೇ ಬೊಮ್ಮಪ್ಪನ ಹಿಂಡಿನಲ್ಲಿ ಒಂದು ಮರಿಯ ಕಾಲು ಹಗ್ಗದ ಬಲೆಗೆ ಸಿಕ್ಕಿ ಮುರಿದಿತ್ತು. ಹುಟ್ಟಿ ಎರಡು ದಿನವಾದ ಮರಿ ಹಿಂಡಿನ ಜೊತೆ ಹರದಾರಿಗಟ್ಟಲೆ ನಡೆಯಲಾರದು, ಹೊರಲೇಬೇಕು. ಹೊತ್ತರೆ ಬಲೆಯಲ್ಲಿ ಕಾಲು ಸಿಗುತ್ತದೆ. ಇದು ಜಂಬಯ್ಯನ ಕಾಲದಿಂದ ಹೀಗೇ. ನಾವು ಕಾಲಿಗೆ ಬಿದಿರು ಸೀಳು ಕಟ್ಟುವುದನ್ನು ಕಲಿತಿದ್ದೆವೇ ಹೊರತು ಬಲೆಯನ್ನು ಬಿಡುವುದನ್ನು ಕಲಿತಿರಲಿಲ್ಲ. ಮಂಗಳಾ ಆ ಮರಿಯನ್ನು ನೋಡುತ್ತ ಕೂತವಳು, “ದೊಡ್ಡಪ್ಪಾ, ಜೀನ್ಸ್ ಬಟ್ಟಿ ಹರಿಯಂಗಿಲ್ಲ. ನಾಕು ಜೇಬು ಇರೋ ಚೀಲ ಹೊಲಿದ್ರ ಮರಿ ಆರಾಮ ಕುಂದ್ರತಾವಲ್ಲ?” ಎಂದಳು.

ಮಾತು ಆಡಿ ಮರೆಯುವ ಜಾತಿಯವಳಲ್ಲ. ಹದಿನೈದು ದಿನಕ್ಕೆ ಮೊದಲ ಚೀಲ ಹೊತ್ತು ಬಂದಳು. ಕತ್ತೆಯ ಬೆನ್ನಿಗೆ ಅಡ್ಡ ಹಾಕಿದರೆ ಎರಡೂ ಮಗ್ಗುಲಿಗೆ ಎರಡೆರಡು ಜೇಬು.

ಬೊಮ್ಮಪ್ಪ ಹೊಟ್ಟೆ ಹಿಡಿದು ನಕ್ಕ. “ಇದೇನವ್ವಾ, ನಮ್ಮ ಕತ್ತೆಗೆ ಪ್ಯಾಂಟು ಹೊಲ್ಕಂಡು ಬಂದೀಯಾ? ಕತ್ತೆಗೆ ಪ್ಯಾಂಟು, ನನಗ ಹಳೇ ಪಂಚೆ. ಇನ್ನ ಸಂತ್ಯಾಗ ನಮಸ್ಕಾರ ಯಾರಿಗೆ ಮಾಡ್ತಾರ ನೋಡು!”

“ನಿನಗೂ ಒಂದು ಹೊಲಿತೀನಿ ದೊಡ್ಡಪ್ಪ. ಅಳತಿ ಕೊಡು.”

“ಬ್ಯಾಡ್ ಬ್ಯಾಡ. ಕುರಿ ಗುರುತು ಹಿಡಿಯದಂಗ ಆದಾವು.”

ನಗುತ್ತ ಆಡಿದ ಆ ಮಾತನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಚೀಲದ ಜೇಬು ಇಕ್ಕಟ್ಟಾಯಿತು. ಎರಡನೆಯದರಲ್ಲಿ ಮರಿ ಒಳಗೆ ಜಾರಿ ಮುಖ ಮುಚ್ಚಿಕೊಂಡು ಏದುಸಿರು ಬಿಟ್ಟಿತು. ಮೂರನೆಯದಕ್ಕೆ ಈರುಳ್ಳಿ ಚೀಲದ ಜಾಲರಿ ಸೇರಿಸಿ ಗಾಳಿಗೆ ದಾರಿ ಮಾಡಿದಳು, ಬಿಸಿಲಿಗೆ ಮೇಲೊಂದು ಮುಚ್ಚಳ ಹೊಲಿದಳು. ಆ ಮೂರನೇ ಚೀಲ ಬೊಮ್ಮಪ್ಪನ ದೊಡ್ಡಿಯಲ್ಲೇ ಬಿದ್ದಿತ್ತು. ಅದರ ಮೇಲೆ ಕುರಿ ಮಲಗಿದವು, ಎದ್ದವು, ಉಚ್ಚೆ ಹೊಯ್ದವು. ಆಮೇಲೆ ಒಂದು ತಿಂಗಳು ಅದರಲ್ಲಿ ಮರಿ ಹೊತ್ತರು. ಒಂದು ಮರಿಗೂ ಗಾಯವಿಲ್ಲ. ನಾನೇ ಜೇಬಿಗೆ ಗುಂಡುಕಲ್ಲು ತುಂಬಿ ಜಗ್ಗಿ ನೋಡಿದ್ದೆ. ದಾರ ಒಂದೆಳೆ ಬಿಡಲಿಲ್ಲ.

ಮಂಗಳಾ ಕಾರ್ಖಾನೆ ಬಿಟ್ಟಳು. ಮನೆಯ ಹಿಂದೆ ತಗಡಿನ ಕೋಣೆ ಕಟ್ಟಿ ಎರಡು ಮಿಷನ್ ಇಟ್ಟು, ಹೆಂಗಸರು ಕೂಡಿ ಹಣ ಉಳಿಸುವ ಡ್ವಾಕ್ರಾ ಗುಂಪಿನ ನರಸಮ್ಮನನ್ನು ಜೊತೆಗೆ ಕರೆದುಕೊಂಡಳು. ಹೊಸ ಕಸುಬು ಹೂಡುವ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ಗೋವರ್ಧನ್ ಎಂಬ ಅನಂತಪುರದ ಹುಡುಗನಿಗೆ ಇವಳ ಚೀಲ ಬಹಳ ಹಿಡಿಸಿತು. ನಮ್ಮ ಹಳ್ಳಿಯಲ್ಲೇ ಎಲ್ಲ ಕುರಿಯವರನ್ನೂ ಕೂಡಿಸಿ ತೋರಿಸೋಣವೆಂದು ದಿನ ಗೊತ್ತುಮಾಡಿದ.

ಆ ದಿನಕ್ಕೆಂದು ನಲವತ್ತು ಹೊಸ ಚೀಲ ಹೊಲಿದರು. ಮಾದರಿಗೆ ಬೊಮ್ಮಪ್ಪನ ದೊಡ್ಡಿಯಿಂದ ಹಳೆಯ ಚೀಲ ತಂದು ಆ ಕೋಣೆಯಲ್ಲಿ ಬಿಚ್ಚಿದಾಗ ನರಸಮ್ಮ ಸೆರಗು ಮೂಗಿಗೆ ಒತ್ತಿ, “ಯಮ್ಮೋ, ಇದೇನೇ ನಾತ! ಕಿಟಕಿ ತಗಿಯೇ” ಎಂದಳಂತೆ. ಅಷ್ಟೇ. ನರಸಮ್ಮನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ ಮಂಗಳಾಳ ಕಿವಿಗೆ ಶಾಲೆಯ ಬೆಂಚು ಸರಿದ ಸದ್ದು ಕೇಳಿತು. ನಲವತ್ತು ಚೀಲಗಳನ್ನೂ ಸೋಪಿನ ಪುಡಿಯಲ್ಲಿ ಎರಡು ಸಲ ಒಗೆದಳು. ಸೀರೆ ಘಮ್ಮೆನ್ನಲೆಂದು ಪಟ್ಟಣದವರು ಬಕೆಟ್ಟಿಗೆ ಬೆರೆಸುವ ಮಲ್ಲಿಗೆ ವಾಸನೆಯ ನೀಲಿ ನೀರು ಬರುತ್ತದಲ್ಲ, ಅದರಲ್ಲಿ ಒಂದೊಂದನ್ನೂ ಅದ್ದಿ ಹಿಂಡಿ ಒಣಹಾಕಿದಳು. ತಾನು ಮಾಡಿದ ಮಾಲಿಗೆ ಯಾರೂ ಮೂಗು ಮುಚ್ಚಬಾರದು.

ಬೇವಿನ ಮರದಡಿ ಸಭೆ ಕೂಡಿತು. ಗೋವರ್ಧನ್ ಬಿಳಿ ಬಟ್ಟೆಯ ಮೇಲೆ ಚಿತ್ರ ಬಿಟ್ಟು, ಮರಿಯನ್ನು ಹೇಗೆ ಎತ್ತಬೇಕು, ಹೇಗೆ ಕೂರಿಸಬೇಕು ಎಂದು ನಮಗೆ ತೆಲುಗಿನಲ್ಲಿ ಪಾಠ ಹೇಳಿದ. ಐವತ್ತು ವರ್ಷ ಮರಿ ಎತ್ತಿದ ಕೈಗಳು ಮಡಿಚಿಕೊಂಡು ಕೇಳಿದವು. ಬಂದವರೆಲ್ಲ ಹಾಜರಿ ಪುಸ್ತಕದಲ್ಲಿ ರುಜು ಹಾಕಬೇಕಿತ್ತು. ನನ್ನ ಸರದಿ ಬಂದಾಗ ಆ ಹುಡುಗ ನನ್ನ ಪಂಚೆ, ರುಮಾಲು, ಬಿಳಿ ಮೀಸೆ ನೋಡಿ, ಪೆನ್ನು ಹಿಂದಕ್ಕೆಳೆದು ಮಸಿಯ ಡಬ್ಬಿ ಮುಂದೆ ಇಟ್ಟ. “ಪೆದ್ದಾಯನಾ, ವೇಲಿಮುದ್ರ ವೇಯಂಡಿ.” ಯಜಮಾನರು ಹೆಬ್ಬೆಟ್ಟು ಒತ್ತಬೇಕಂತೆ.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಕುರಿ ಔಷಧದ ಬಾಟಲಿಯ ಮೇಲಿನ ಅಕ್ಷರ ಕೂಡಿಸಿ ಕೂಡಿಸಿ ಕನ್ನಡ ಕಲಿತೆ, ಅದೇ ಬಾಟಲಿಯ ಇನ್ನೊಂದು ಮಗ್ಗುಲಿನಲ್ಲಿ ತೆಲುಗು ಕಲಿತೆ. ಊರಿನ ಅರ್ಜಿಗಳನ್ನೆಲ್ಲ ಬರೆಯುವ ಕೈ ಇದು. ಮಂಗಳಾ ಪಕ್ಕದಲ್ಲೇ ನಿಂತಿದ್ದಳು. ‘ನಮ್ಮ ತಾತ ಓದ್ತಾನ್ರಿ ಸರ್’ ಎಂದು ಹೇಳಬಹುದಿತ್ತು. ಗಡಿಬಿಡಿಯಲ್ಲಿ ಅವಳಿಗೆ ಕಾಣಲಿಲ್ಲ. ನಾನು ಮಸಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಎರಡೂ ಭಾಷೆಯಲ್ಲಿ ರುಜು ಹಾಕಿ ಬಂದು ಕೂತೆ. ಮುಖ ಉರಿಯುತ್ತಿತ್ತು.

ಅಷ್ಟರಲ್ಲಿ ಮಂಗಳಾ ಹೊಸ ಚೀಲ ತಂದು ನನ್ನ ತೊಡೆಯ ಮೇಲೆ ಇಟ್ಟಳು. “ತಾತ, ನೋಡು. ಹೆಂಗೈತಿ?”

ಚೀಲದಿಂದ ಮಲ್ಲಿಗೆ ಎದ್ದು ಬಂತು. ಮದುವೆ ಮನೆಯಲ್ಲಿ ಹೆಂಗಸರ ಸಾಲು ಹಾದುಹೋದಂತೆ. ನನಗೆ ಆ ಕ್ಷಣವೇ ಗೊತ್ತಾಯಿತು. ಅನುಮಾನವಲ್ಲ, ಗೊತ್ತೇ ಆಯಿತು. ಕುರಿಗೆ ಕಣ್ಣು ಇರುವುದು ಮೂಗಿನಲ್ಲಿ ಎಂದು ಬಸಲಿಂಗಮ್ಮ ಹೇಳುತ್ತಿದ್ದಳು. ಸಾವಿರ ಮರಿಗಳ ನಡುವೆ ತಾಯಿ ತನ್ನದನ್ನು ಹುಡುಕುವುದು ಮೂಸಿ. ದಿನವಿಡೀ ಈ ಮಲ್ಲಿಗೆಯಲ್ಲಿ ಕೂತ ಮರಿಯನ್ನು ಸಂಜೆ ಯಾವ ತಾಯಿ ತನ್ನದೆನ್ನುತ್ತಾಳೆ?

ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು. ಆದರೆ ಒಳಗೆ ಕೂತ ಹುಳ ಹೇಳಿತು: ಚಿತ್ರ ಬಿಡುವವನು ಇದ್ದಾನಲ್ಲ, ಅವನೇ ಹೇಳಲಿ. ಹೆಬ್ಬೆಟ್ಟಿನ ಮುದುಕನಿಗೆ ಏನು ಗೊತ್ತು.

“ಚೆಂದ ಐತಿ” ಎಂದೆ.

ಅವಳ ಮುಖ ಅರಳಿದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. “ವಾಸ್ನಿ ಹೆಂಗೈತಿ ತಾತ? ಗಮ್ ಅಂತೈತಲ್ಲ?”

“ಹ್ಞೂಂ” ಎಂದೆ.

ದೀಪಾವಳಿ ಕಳೆದು ಬೊಮ್ಮಪ್ಪನ ಹಿಂಡು ಹೊರಟಿತು. ಮೊದಲ ಆರು ಚೀಲ ಅವನಿಗೆ. ಉಳಿದವರು, ಅವನ ಹಿಂಡು ಹೋಗಿ ಬರಲಿ, ಆಮೇಲೆ ಕೊಳ್ಳೋಣ ಎಂದರು. ಅದೊಂದು ಪುಣ್ಯ. ನಾನು ಮನೆಯ ಮುಂದೆ ನಿಂತು ಹಿಂಡು ಹೋಗುವುದನ್ನು ನೋಡಿದೆ. ಆಗಲೂ ಹೊತ್ತು ಮೀರಿರಲಿಲ್ಲ. ದಾರಿಯಲ್ಲಿ ಈಯುವ ಕುರಿಗಳಿಗೆ ಇನ್ನೂ ದಿನಗಳಿದ್ದವು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ. ವಾಸನೆ ಬಿಸಿಲಿಗೆ ಹಾರಿಹೋಗುತ್ತದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಹನ್ನೆರಡನೇ ದಿನ ಮಂಗಳಾಳ ಫೋನಿಗೆ ಬೊಮ್ಮಪ್ಪನ ಕರೆ ಬಂತು. ಮರಿಗಳು ಹಾಲು ಕುಡಿಯುತ್ತಿಲ್ಲ, ಮೂರು ಸತ್ತವು. ರಘುನಾಥ ಆಟೊ ತೆಗೆದ. ಮಂಗಳಾ ಊರಿಗೆ ಬಂದು ನನ್ನ ಬಾಗಿಲಲ್ಲಿ ನಿಂತಳು. “ತಾತ, ನೀ ಬಾ. ನಿನಗ ಗೊತ್ತಾಗ್ತೈತಿ.”

ಬಳ್ಳಾರಿ ದಾಟಿ ಕಾಲುವೆಯ ದಂಡೆಗೆ ಮುಟ್ಟಿದಾಗ ಸಂಜೆಯಾಗಿತ್ತು. ಕುರಿ ಮೇಯ್ದು ಬಂದು ತಾಯಿ ಮರಿ ಕೂಡುವ ಹೊತ್ತು. ಆ ಹೊತ್ತಿನಲ್ಲಿ ಬಿಡಾರದಲ್ಲಿ ಒಂದು ಗದ್ದಲ ಇರುತ್ತದೆ, ಕೇಳಿದವರಿಗೆ ಗೊತ್ತು. ತಾಯಿ ಕೂಗುತ್ತದೆ, ಮರಿ ಓಗೊಡುತ್ತದೆ, ಓಡಿಬರುತ್ತವೆ, ತಾಯಿ ಬಾಲದ ಬುಡ ಮೂಸುತ್ತದೆ, ಗದ್ದಲ ನಿಲ್ಲುತ್ತದೆ. ಅಂದು ನಿಲ್ಲಲಿಲ್ಲ. ದನಿ ಕೇಳಿ ಓಡಿಬಂದ ಕುರಿಗಳು ಮರಿಯನ್ನು ಮೂಸಿ, ಬೆದರಿ ಹಿಂದೆ ಸರಿದು, ತಲೆಯಿಂದ ಗುದ್ದಿ ಕೆಡವುತ್ತಿದ್ದವು. ಗುದ್ದಿಸಿಕೊಂಡ ಮರಿ ಎದ್ದು ಮತ್ತೆ ಅದೇ ಕೆಚ್ಚಲಿಗೆ ಹೋಗುತ್ತಿತ್ತು. ಗುದ್ದಿದ ತಾಯಿಯೇ ತಲೆಯೆತ್ತಿ, ಕಾಣದ ಮರಿಗಾಗಿ ಕೂಗುತ್ತಿತ್ತು.

ಜಾಲಿ ಗಿಡದಡಿ ಸತ್ತ ಮರಿಗಳಿದ್ದವು. ಮೂರಲ್ಲ, ಏಳು.

ಬೊಮ್ಮಪ್ಪನ ಕಣ್ಣು ಗುಳಿಬಿದ್ದಿದ್ದವು. “ಮೂರು ದಿನದಿಂದ ಒಂದೊಂದೇ ಕುರಿ ಹಿಡದು, ಕಾಲು ಕಟ್ಟಿ ಕುಡಿಸೀವಿ. ಎಷ್ಟಕ್ಕಂತ ಹಿಡೀತಿ? ದೃಷ್ಟಿ ಅಂತ ತಾಯಿತ ಕಟ್ಟಿದೆ. ಮೇವಿನಾಗ ಏನರ ಕೆಟ್ಟದ್ದು ತಿಂದಾವೇನೋ ಅಂತ ಜಾಗ ಬದ್ಲಿಸಿದೆ.”

ಇನ್ನು ತಡೆಯಲಾಗಲಿಲ್ಲ. “ಚೀಲ ಮೂಸಿ ನೋಡು ಬೊಮ್ಮಪ್ಪ” ಎಂದೆ.

“ಬೀಡಿ ಸೇದಿ ಸೇದಿ ನನ್ನ ಮೂಗು ಸತ್ತು ಯಾವ ಕಾಲಾತು. ಹುಡುಗ್ರು ಅಂದ್ರು, ಹೂವಿನ ವಾಸ್ನಿ ಐತಿ ಅಂತ. ಹೊಸಾ ಬಟ್ಟಿ ಹಂಗಾ ಇರ್ತೈತಿ ಬಿಡ್ರಲೇ ಅಂದೆ.” ಆಮೇಲೆ ಅವನಿಗೂ ಹೊಳೆಯಿತು. ಮಂಗಳಾಳ ಕಡೆ ನೋಡಿ ದನಿ ತಗ್ಗಿಸಿದ. “ನಿನ್ನ ಚೀಲದ ಮ್ಯಾಲೆ ನನಗ ಅನುಮಾನ ಬರ್ಲಿಲ್ಲ ಮಗಳೇ. ನನ್ನ ಕುರಿ ಮ್ಯಾಲೆ ಅನುಮಾನ ಪಟ್ಟೆ.”

ಅವನು ಎರಡು ಬಾರಿಸಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಚೀಲ ಎತ್ತಿ ಮುಖಕ್ಕೆ ಒತ್ತಿಕೊಂಡಳು. ಒತ್ತಿಕೊಂಡೇ ಕೂತಳು. “ನಾತ ಬರಬಾರ್ದು ಅಂತ ಅದ್ದಿದೆ ದೊಡ್ಡಪ್ಪ” ಎಂದಳು. ಆಮೇಲೆ ಆ ಮಾತನ್ನೇ ಮತ್ತೆ ಮತ್ತೆ ಆಡಿದಳು.

ಕೂತು ಅಳುವ ಹೊತ್ತು ಅದಾಗಿರಲಿಲ್ಲ. ಉಳಿದ ಮರಿಗಳನ್ನು ಕಾಲುವೆ ನೀರಲ್ಲಿ ತೊಳೆದು, ಕುರಿ ಮಲಗಿದ ಜಾಗದ ಹಿಕ್ಕೆ ಮಣ್ಣು ತಿಕ್ಕಿ, ಒಂದೊಂದರ ಬೆನ್ನು ಬಾಲಕ್ಕೆ ಅದರದರ ತಾಯಿಯ ಹಾಲನ್ನೇ ಕರೆದು ಸವರಿ, ಮೇಲೆ ಉಪ್ಪು ಉದುರಿಸಿದೆವು. ಉಪ್ಪಿನ ಆಸೆಗೆ ತಾಯಿ ನೆಕ್ಕಬೇಕು. ನೆಕ್ಕಿದರೆ ತನ್ನ ಹಾಲಿನ ಗುರುತು ಹತ್ತಬೇಕು. ಮಂಗಳಾ ಮೊಣಕೈತನಕ ಹಿಕ್ಕೆ ಮೆತ್ತಿಕೊಂಡು ಕುರಿಗಳ ಕುತ್ತಿಗೆ ಹಿಡಿದಳು. ಬೆಳಗಿನ ಹೊತ್ತಿಗೆ ಹನ್ನೊಂದು ಮರಿ ತಾಯಿಗೆ ಕೂಡಿದವು.

ಹೊರಡುವಾಗ ಬೊಮ್ಮಪ್ಪ ಎಲ್ಲರ ಮುಂದೆ ನನ್ನ ಕೈ ಹಿಡಿದ. “ನೀ ಬಂದಿದ್ದಕ್ಕ ಉಳಿದ್ವು ಮಾವ. ಬರತಾನೇ ಹಿಡದ್ಯಲ್ಲ! ಹಳೇ ಮೂಗು ಅಂದ್ರ ಮೂಗು.” ರಘುನಾಥ ಊರಿಗೆ ಬಂದು ಅದನ್ನೇ ಡಂಗುರ ಹೊಡೆದ. ಮಂಗಳಾ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹೊಗಳಿಕೆಯನ್ನು ಒಂದು ವರ್ಷ ಹೊದ್ದುಕೊಂಡೇ ತಿರುಗಿದೆ. ಹಾವನ್ನು ಕಂಬಳಿಯೆಂದು ಹೊದ್ದಂತೆ.

ಆ ವರ್ಷ ಮಂಗಳಾ ಏನೇನು ಮಾಡಿದಳು ಎಂಬುದನ್ನು ಹೇಳಬೇಕು. ಉಳಿದ ಮೂವತ್ತನಾಲ್ಕು ಚೀಲಗಳನ್ನು ಬರೀ ನೀರಲ್ಲಿ ಎಂಟು ಸಲ ಅಲುಬಿದಳು. ವಾಸನೆ ಹೋಗಲಿಲ್ಲ. ಹೊಲಿಗೆ ಬಿಚ್ಚಿ ಅದೇ ಬಟ್ಟೆಯಿಂದ ನೆಲ ಒರೆಸುವ ತುಂಡು ಮಾಡಿದಳು. ಹೊಸದಾಗಿ ಹೊಲಿಯುವುದಕ್ಕೆ ಒಂದು ಕಟ್ಟಳೆ ಮಾಡಿದಳು: ಯಾರಿಗೆ ಚೀಲ ಬೇಕೋ ಅವರು ಮೊದಲು ತಮ್ಮ ಹಿಂಡಿನ ಜೊತೆ ಇದ್ದ ಹಳೇ ಕಂಬಳಿಯ ತುಂಡು ತಂದುಕೊಡಬೇಕು. ಅದನ್ನು ತೊಳೆಯದೆ ಜೇಬಿನ ಒಳಗೆ ಹೊಲಿಯಬೇಕು. ಹೊಲಿದ ಚೀಲ ಆ ಹಿಂಡಿನದೇ ದೊಡ್ಡಿಯಲ್ಲಿ ಹದಿನೈದು ದಿನ ಬಿದ್ದಿರಬೇಕು. ಆಮೇಲೇ ಮರಿ ಹೊರಬೇಕು.

ಗೋವರ್ಧನ್ ತಲೆ ಕೆರೆದುಕೊಂಡ. ಹೀಗಾದರೆ ಅಂಗಡಿಯಲ್ಲಿಟ್ಟು ಮಾರುವುದು ಹೇಗೆ ಎಂದ. ಅವನು ಕೆಟ್ಟವನಲ್ಲ. ಮಸಿ ಡಬ್ಬಿಯ ವಿಷಯಕ್ಕೆ ಆಮೇಲೆ ನನ್ನಲ್ಲಿ ತಪ್ಪಾಯಿತೆಂದೂ ಕೇಳಿದ. “ಅಂಗಡ್ಯಾಗ ಮಾರೂದಲ್ರಿ ಸರ್ ಇದು” ಎಂದಳು ಮಂಗಳಾ. ಅನಂತಪುರದಲ್ಲಿ ಹೊಸ ಕಸುಬಿನವರ ಒಂದು ಸಭೆಗೆ ಅವಳನ್ನು ಕರೆದುಕೊಂಡು ಹೋದ. ಸತ್ತ ಮರಿಗಳ ಸುದ್ದಿ ಅಲ್ಲಿ ಬೇಡಮ್ಮಾ ಎಂದು ಹೇಳಿಯೂ ಇದ್ದ. ಅವಳು ವೇದಿಕೆ ಹತ್ತಿ ಮೊದಲು ಹೇಳಿದ್ದೇ ಅದನ್ನು. ಯಾರೂ ಚಪ್ಪಾಳೆ ತಟ್ಟಲಿಲ್ಲವಂತೆ. ಇಳಿದು ಬಂದು ಬಸ್ಸು ಹತ್ತಿದಳು.

ಇನ್ನೊಂದು ಕೆಲಸ ಅವಳು ತಾನಾಗೇ ಹಿಡಿದಿದ್ದಳು. ಬದುಕುವುದಿಲ್ಲವೆಂದು ಹಿಂಡಿನವರು ಕೈಬಿಟ್ಟ ಬಡಕಲು ಮರಿಗಳನ್ನು ಕೇಳಿ ತಂದು, ರಾಯದುರ್ಗದ ತನ್ನ ಮನೆಯಂಗಳದಲ್ಲೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕತೊಡಗಿದ್ದಳು. ಬೊಮ್ಮಪ್ಪನಿಗೆ ಏಳು ಕೊಡುವವರೆಗೂ ಅವನ ಮನೆಯ ಊಟ ಮುಟ್ಟುವುದಿಲ್ಲವೆಂದು ಹಟ. ಬೊಮ್ಮಪ್ಪ ಒಂದು ಮರಿಯನ್ನೂ ಕೇಳಿದವನಲ್ಲ. “ಹುಚ್ಚಿ, ಬಾ ಉಣ್ಣು” ಎಂದು ಎರಡು ಸಲ ಬಂದು ಕರೆದು ಹೋದ. ನೆರೆಯವರು ವಾಸನೆಯೆಂದು ಕಿಟಕಿ ಹಾಕಿಕೊಂಡರು. ಈಗ ಅವಳು ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಈ ಸಲದ ದೀಪಾವಳಿ ಬಂತು. ಬೊಮ್ಮಪ್ಪನ ಹಿಂಡು ಹೊಸ ಚೀಲ ಹೊತ್ತು ಹೊರಡಲು ಎಂಟು ದಿನ ಉಳಿದಿತ್ತು. ಮಂಗಳಾಳ ಅಂಗಳದಲ್ಲಿ ಗಟ್ಟಿಯಾಗಿ ನಿಂತ ಮರಿಗಳು ಐದು. ಇನ್ನೆರಡು ಬಾಟಲಿಗೂ ಉಳಿಯದೆ ಹೋಗಿದ್ದವು. ನನ್ನ ಹತ್ತಿರ ಈಗಲೂ ಒಂಬತ್ತು ಕುರಿಗಳಿವೆ. ಇನ್ನೂ ಹಾಲು ಬಿಡದ ಎರಡು ಹೆಣ್ಣುಮರಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಳಗಿನ ಬಸ್ಸಿಗೆ ರಾಯದುರ್ಗಕ್ಕೆ ಹೋದೆ.

ಅವಳು ಅಂಗಳದಲ್ಲಿ ಕೂತು ಮರಿಯ ಗೊರಸು ನೋಡುತ್ತಿದ್ದಳು. “ಏನ್ ತಾತ, ಸಂತೀಗೆ ಹೊಂಟೀಯೇನು?”

“ನಿನ್ನ ಹತ್ರಾನೇ ಬಂದೆ” ಎಂದು ಮರಿಗಳನ್ನು ಕೆಳಗೆ ಬಿಟ್ಟೆ. ಆಮೇಲೆ ಹೇಳಿದೆ. ಬೇವಿನ ಮರದಡಿ ಮೂಸಿದ್ದು, ತಿಳಿದದ್ದು, ಮಸಿಯ ಡಬ್ಬಿಯ ಸಿಟ್ಟಿಗೆ ತುಟಿ ಹೊಲಿದುಕೊಂಡದ್ದು, ಹಿಂಡು ಹೋಗುವಾಗ ಬಾಗಿಲಲ್ಲಿ ನಿಂತದ್ದು, ಎಲ್ಲ. ನನ್ನ ದನಿ ನನಗೇ ಯಾರದೋ ಎನಿಸಿತು. “ಏಳರಾಗ ನನ್ನ ಪಾಲು ಐತಿ ಮಗಳೇ. ಈ ಎರಡು ಸೇರ್ಸಿ ಏಳು ಮಾಡು. ಬೊಮ್ಮಪ್ಪನ ಮನ್ಯಾಗ ಉಣ್ಣು” ಎಂದೆ.

ಮಂಗಳಾ ಹಿಡಿದಿದ್ದ ಗೊರಸನ್ನು ಕೆಳಗೆ ಬಿಟ್ಟಳು. ನನ್ನ ಮರಿಗಳಲ್ಲೊಂದು ಹೋಗಿ ಅವಳ ಸೀರೆಗೆ ತಲೆ ಉಜ್ಜಿತು. ಅವಳು ಅದನ್ನು ಎತ್ತಿ, ನೆತ್ತಿ ಮೂಸಿ, ತಂದು ನನ್ನ ಕೈಗೇ ಇಟ್ಟಳು. ಇನ್ನೊಂದನ್ನೂ ಇಟ್ಟಳು.

“ಬ್ಯಾಡ ತಾತ. ನೀ ಮೂಸಿ ಸುಮ್ಮನಿದ್ದಿ, ನಾ ಮೂಸಿ ಹಿಗ್ಗಿದೆ. ಎರಡೂ ಒಂದಾ ಅನಬ್ಯಾಡ. ಇನ್ನೆರಡು ಬರೋ ವರ್ಷ ಆಗ್ಲಿ, ಆಚೀ ವರ್ಷ ಆಗ್ಲಿ, ನಾನಾ ಸಾಕಿ ಕೊಡ್ತೀನಿ. ಇವನ್ನ ಎತ್ಕಂಡು ಜಲ್ದಿ ಹೋಗು. ಹನ್ನೊಂದರ ಬಸ್ಸು ಸಿಗ್ತೈತಿ. ನನ್ನ ಮನಿ ವಾಸ್ನಿ ಹತ್ತೂಕಿಂತ ಮುಂಚೆ ತಾಯಿ ಹತ್ರ ಬಿಡು.”